ಗುಡಿ, ಕೆರೆ, ಪೇಟೆ: ಹಾವೇರಿ ಸೀಮೆಯ ವಾಸ್ತುವಿಮರ್ಶೆಯನ್ನು ಕುರಿತು

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಎಂಬ ಮೂರು ಪಟ್ಟಣಗಳ ಸುತ್ತಿನ ಸೀಮೆಯಲ್ಲಿ ನೋಡತಕ್ಕ ಕಟ್ಟಡಗಳು ಯಾವುವೆಂದು ಕೇಳಿದರೆ ವಾಸ್ತುಶಿಲ್ಪದ ಗ್ರಂಥಗಳು ಕೊಡುವ ಉತ್ತರ ನೂರೈವತ್ತು ವರ್ಷಗಳಿಂದ ಹೆಚ್ಚಾಗಿ ಬದಲಾಗಿಲ್ಲ. ಹಾವೇರಿಯ ಸಿದ್ಧೇಶ್ವರ, ವರದಾ ತುಂಗಭದ್ರೆಯರ ಸಂಗಮದ ಬಳಿ ಗಳಗನಾಥದಲ್ಲಿರುವ ಗಳಗೇಶ್ವರ, ರಾಣೆಬೆನ್ನೂರು ತಾಲೂಕಿನ ಚೌಡದಾನಪುರದ ಮುಕ್ತೇಶ್ವರ. ಇನ್ನು ತುಸು ದೂರ ಹೋದರೆ ಹಾನಗಲ್ಲಿನ ತಾರಕೇಶ್ವರ, ರಟ್ಟಿಹಳ್ಳಿಯ ಕದಂಬೇಶ್ವರ. ಬ್ಯಾಡಗಿಯ ಹೆಸರು ಈ ಪಟ್ಟಿಯಲ್ಲಿ ಬರುವುದೇ ಇಲ್ಲ. ರಾಣೆಬೆನ್ನೂರು ಬಂದರೂ ತಾಲೂಕಿನ ಹೆಸರಾಗಿ ಮಾತ್ರ ಬರುತ್ತದೆ. ೨೦೧೧ರ ಜನಗಣತಿಯಂತೆ ರಾಣೆಬೆನ್ನೂರಿನಲ್ಲಿ ಒಂದು ಲಕ್ಷಕ್ಕೆ ಮಿಕ್ಕಿ, ಹಾವೇರಿಯಲ್ಲಿ ಸುಮಾರು ೬೭ ಸಾವಿರ, ಬ್ಯಾಡಗಿಯಲ್ಲಿ ಸುಮಾರು ೩೦ ಸಾವಿರ ಜನರಿದ್ದರು. ಎರಡು ಲಕ್ಷ ಜನ ಬಾಳಿ ಬದುಕುವ ಊರುಗಳ ವಿಷಯದಲ್ಲಿ ನಮ್ಮ ವಾಸ್ತುವಿಮರ್ಶೆಗೆ ಹೇಳುವ ಮಾತೊಂದೂ ಇಲ್ಲವೆಂದರೆ, ಕೊರತೆ ಆ ಊರುಗಳದೋ ವಿಮರ್ಶೆಯದೋ ಎಂದು ವಿಚಾರಿಸುವುದು ಅವಶ್ಯವಾಗುತ್ತದೆ.

ಕೊರತೆ ವಿಮರ್ಶೆಯದೇ ಎಂಬುದು ಪ್ರಕೃತ ಲೇಖನದ ಅಭಿಪ್ರಾಯ. ಗುಡಿಯನ್ನು ಊರಿನಿಂದ ಬಿಡಿಸಿ ನೋಡುವ ಪದ್ಧತಿಯಿಂದ ಗುಡಿಯೂ ಅರ್ಧ ಮಾತ್ರ ತಿಳಿಯುತ್ತದೆ, ಊರು ಸ್ವಲ್ಪವೂ ತಿಳಿಯುವುದಿಲ್ಲ. ಇದು ಪಂಡಿತರ ಮನೆಯೊಳಗಿನ ವಾದವಷ್ಟೇ ಆಗಿದ್ದರೆ ಇಷ್ಟು ವಿಸ್ತರಿಸಿ ಬರೆಯಬೇಕಾಗಿರಲಿಲ್ಲ. ಆ ಪದ್ಧತಿ ಗ್ರಂಥದಿಂದ ಶಾಸನಕ್ಕೆ, ಶಾಸನದಿಂದ ನಗರಯೋಜನೆಗೆ ಇಳಿದು ಬಂದಿದೆ. ಅದರ ಫಲವನ್ನು ಅನುಭವಿಸುವವರು ಈ ಪಟ್ಟಣಗಳ ನಿವಾಸಿಗಳು.

೧

ಮೊದಲು ಈ ವಿಮರ್ಶೆಯ ಇತಿಹಾಸವನ್ನು ಸಂಕ್ಷೇಪವಾಗಿ ಅವಲೋಕಿಸೋಣ. ಈ ಭಾಗದ ಗುಡಿಗಳನ್ನು ಹೊರಗಿನ ಜಗತ್ತಿಗೆ ಪರಿಚಯಿಸಿದ ಮೊದಲ ದೊಡ್ಡ ಗ್ರಂಥ ೧೮೬೬ರಲ್ಲಿ ಹೊರಬಂದ ಧಾರವಾಡ ಮೈಸೂರು ಪ್ರಾಂತಗಳ ವಾಸ್ತುಶಿಲ್ಪವನ್ನು ಕುರಿತ ಸಂಪುಟ. ಡಾಕ್ಟರ್ ಪಿಗೌ, ನೀಲ್, ಕರ್ನಲ್ ಬಿಗ್ಸ್ ಎಂಬವರು ತೆಗೆದ ಛಾಯಾಚಿತ್ರಗಳು, ಮೆಡೋಸ್ ಟೇಲರನು ಬರೆದ ಚರಿತ್ರೆಯ ಭಾಗ, ಜೇಮ್ಸ್ ಫರ್ಗ್ಯುಸನ್ನನ ವಾಸ್ತು ಟಿಪ್ಪಣಿಗಳು ಅದರಲ್ಲಿವೆ. ಇಲ್ಲಿಂದ ಅರುವತ್ತು ವರ್ಷಗಳ ಬಳಿಕ, ೧೯೨೬ರಲ್ಲಿ, ಪುರಾತತ್ವ ಇಲಾಖೆಯ ಹೆನ್ರಿ ಕಸಿನ್ಸನು ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದನು. ನಕ್ಷೆ, ಅಳತೆ, ಚಿತ್ರಗಳೊಂದಿಗೆ ಒಂದೊಂದು ಗುಡಿಯನ್ನೂ ವರ್ಣಿಸಿದ ಈ ಕೃತಿಯ ಉಪಕಾರವನ್ನು ಇಂದಿಗೂ ಯಾವ ಅಭ್ಯಾಸಿಯೂ ಮರೆಯಲಾರನು.

ಆದರೆ ಆರಂಭದಿಂದಲೂ ಛಾಯಾಚಿತ್ರದ ಚೌಕಟ್ಟು ವಿಮರ್ಶೆಯ ಚೌಕಟ್ಟಾಯಿತು. ಭಾರವಾದ ಪೆಟ್ಟಿಗೆಯನ್ನು ಮುಕ್ಕಾಲಿಯ ಮೇಲಿಟ್ಟು ಗುಡಿಯೊಂದನ್ನು ಸೆರೆಹಿಡಿಯುವವನಿಗೆ ಪಕ್ಕದ ಮಣ್ಣಿನ ಮನೆ, ಹುಲ್ಲಿನ ಬಣವೆ, ನೀರಿನ ಹರಿವು ಇವೆಲ್ಲ ಅಡ್ಡಿಗಳು. ಗುಡಿ ಒಂಟಿಯಾಗಿ ನಿಂತಷ್ಟೂ ಚಿತ್ರ ಚೊಕ್ಕ. ಎರಡನೆಯದಾಗಿ, ಕಟ್ಟಡವನ್ನು ರಾಜವಂಶದ ಹೆಸರಿನಿಂದ ಕರೆಯುವ ರೂಢಿ ಬೆಳೆಯಿತು. ಚಾಲುಕ್ಯ, ಸೇವುಣ, ಗುತ್ತ ಎಂದು ವಿಂಗಡಿಸಿದೊಡನೆ ಕೆಲಸ ಮುಗಿಯಿತೆಂದು ಭಾವಿಸಲಾಯಿತು. ಕಲ್ಲು ಕಡೆದವನು ಯಾರು, ಕಲ್ಲು ಬಂದದ್ದೆಲ್ಲಿಂದ, ಗುಡಿಗೆ ದತ್ತಿ ಕೊಟ್ಟ ಸೆಟ್ಟಿಗಳೂ ಒಕ್ಕಲುಗಳೂ ಎಲ್ಲಿ ವಾಸಿಸುತ್ತಿದ್ದರು ಎಂಬ ಪ್ರಶ್ನೆಗಳು ಹಿಂದೆ ಬಿದ್ದವು.

ಇತ್ತೀಚಿನ ವಿದ್ವಾಂಸರು ಈ ಎರಡನೆಯ ದೋಷವನ್ನು ಬಹುಮಟ್ಟಿಗೆ ನಿವಾರಿಸಿದ್ದಾರೆ. ೧೯೯೫ರಲ್ಲಿ ಪ್ರಕಟವಾದ ಆಡಮ್ ಹಾರ್ಡಿಯ ಅಧ್ಯಯನವು ವಂಶದ ಹೆಸರನ್ನು ಬದಿಗಿಟ್ಟು ಆಕಾರದ ಬೆಳವಣಿಗೆಯನ್ನು ಹಿಂಬಾಲಿಸಿತು. ಕರ್ಣಾಟ ದ್ರಾವಿಡ ಗುಡಿಯೆಂದರೆ ಅನೇಕ ಕಿರುಗುಡಿಗಳು ಒಂದರೊಳಗಿಂದ ಒಂದು ಹೊರಹೊಮ್ಮುವ ರಚನೆ ಎಂದು ತೋರಿಸಿದ್ದು ದೊಡ್ಡ ಸಾಧನೆ. ಅದೇ ವರ್ಷ ವಸುಂಧರಾ ಫಿಲಿಯೋಜಾ ಮತ್ತು ಪಿಯೆರ್ ಸಿಲ್ವೇನ್ ಫಿಲಿಯೋಜಾ ಅವರು ಚೌಡದಾನಪುರದ ಮುಕ್ತೇಶ್ವರ ದೇವಾಲಯವೊಂದನ್ನೇ ಕುರಿತು ಇಡಿಯ ಗ್ರಂಥವನ್ನು ಬರೆದರು. ಅಲ್ಲಿಯ ಎತ್ತರದ ಶಿಲಾಶಾಸನಗಳು ಗುತ್ತವೊಳಲಿನ, ಎಂದರೆ ಇಂದಿನ ಗುತ್ತಲದ, ಅರಸರ ವಿಷಯವನ್ನೂ, ೧೨೨೫ರಲ್ಲಿ ಅಲ್ಲಿಗೆ ಬಂದು ನೆಲಸಿದ ಶಿವದೇವನೆಂಬ ಶರಣನ ವಿಷಯವನ್ನೂ ಹೇಳುತ್ತವೆ. ಶಾಸನವನ್ನೂ ಶಿಲ್ಪವನ್ನೂ ಪೂಜಾಚಾರವನ್ನೂ ಒಂದೇ ಕಣ್ಣಿನಿಂದ ಓದಿದ ಆ ಕೃತಿ, ನಾವು ಬೇಡುವ ಬಗೆಯ ವಿಮರ್ಶೆಗೆ ಅತ್ಯಂತ ಸಮೀಪವಾದುದು. ಹೀಗಿದ್ದರೂ ಒಟ್ಟಿನಲ್ಲಿ ವಿಮರ್ಶೆಯ ದೃಷ್ಟಿ ಪ್ರಾಕಾರದ ಗೋಡೆಯನ್ನು ದಾಟಿ ಪೇಟೆಯವರೆಗೆ ಬಂದಿಲ್ಲ.

೨

ಹಾವೇರಿಯ ಪುರದ ಸಿದ್ಧೇಶ್ವರನನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಈ ಗುಡಿಯ ಆರಂಭ ೧೧ನೆಯ ಶತಮಾನದ ಕೊನೆಯ ಭಾಗಕ್ಕೆ ಹೋಗುತ್ತದೆಂದು ಶಾಸನಗಳಿಂದ ಊಹಿಸಲಾಗಿದೆ. ಅದರ ಅಲಂಕಾರ ೧೨ನೆಯ ಶತಮಾನದ ಪ್ರೌಢಿಮೆಯನ್ನು ತೋರುತ್ತದೆ. ಹೊರಗೋಡೆಯ ಅರೆಗಂಬಗಳ ಮೇಲೆ ಕಿರುಶಿಖರಗಳನ್ನು ಕಡೆದಿರುವ ರೀತಿ ಗಮನಾರ್ಹ. ಮೂಲವಿನ್ಯಾಸ ದ್ರಾವಿಡವಾಗಿದ್ದರೂ ಗೋಡೆಯ ಮೇಲೆ ನಾಗರ ಮಾದರಿಯ ಪುಟ್ಟ ಶಿಖರಗಳೂ ಸ್ಥಾನ ಪಡೆದಿವೆ. ದೂರದ ನಾಡುಗಳ ಗುಡಿಗಳ ರೂಪವನ್ನು ಬಲ್ಲ ರೂವಾರಿಗಳು ಅದನ್ನು ತಮ್ಮ ಗೋಡೆಯ ಮೇಲೆ ಅಂಗೈಯಗಲದಲ್ಲಿ ಬರೆದಿಟ್ಟರು ಎನ್ನಬಹುದು. ಈ ಬಗೆಯ ಗೋಡೆಯನ್ನು ಅಲಂಕಾರದ ಅತಿರೇಕವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅದು ರೂಪಗಳನ್ನು ಕುರಿತ ಒಂದು ಬಗೆಯ ವಿದ್ವತ್ತು.

ಇಲ್ಲಿಯವರೆಗೆ ಗ್ರಂಥಗಳು ನಮಗೆ ದಾರಿ ತೋರಿಸುತ್ತವೆ. ಮುಂದಿನ ಮೂರು ಸಂಗತಿಗಳಲ್ಲಿ ಊರನ್ನು ನೋಡದೆ ಗತ್ಯಂತರವಿಲ್ಲ.

ಮೊದಲನೆಯದು ದಿಕ್ಕು. ಚಾಲುಕ್ಯ ಗುಡಿಗಳು ಸಾಮಾನ್ಯವಾಗಿ ಪೂರ್ವಾಭಿಮುಖ. ಸಿದ್ಧೇಶ್ವರನು ಪಶ್ಚಿಮಕ್ಕೆ ಮುಖ ಮಾಡಿದ್ದಾನೆ. ಗೋಡೆಯ ಪ್ರಧಾನ ಮೂರ್ತಿಗಳು ಭಗ್ನವಾಗಿರುವುದರಿಂದಲೂ, ಗುಡಿಯೊಳಗೆ ಬೇರೆ ಬೇರೆ ದೇವತೆಗಳ ಬಿಡಿ ಶಿಲ್ಪಗಳು ತುಂಬಿರುವುದರಿಂದಲೂ, ಮೊದಲು ಇದು ಯಾವ ದೇವರಿಗೆ ಮೀಸಲಾಗಿತ್ತು ಎಂಬಲ್ಲಿ ವಿದ್ವಾಂಸರೊಳಗೆ ಒಮ್ಮತವಿಲ್ಲ. ಪಶ್ಚಿಮದ ಮುಖವನ್ನೂ ಈ ದೇವತಾವಾದದ ಒಂದು ಸಾಕ್ಷ್ಯವಾಗಿಯೇ ಬಳಸಲಾಗಿದೆ. ಆದರೆ ಗುಡಿಯ ಬಾಗಿಲು ದೇವರಿಗೆ ಹೇಗೋ ಹಾಗೆ ಭಕ್ತರಿಗೂ ಸಂಬಂಧಿಸಿದ್ದು. ಜನರು ಬರುವ ದಾರಿ, ಕೆರೆಯ ಏರಿ, ಊರಿನ ಅಗಸೆ ಎಲ್ಲಿದ್ದವೆಂಬುದನ್ನು ನಕ್ಷೆಯ ಮೇಲೆ ಗುರುತಿಸದೆ ದಿಕ್ಕಿನ ಪ್ರಶ್ನೆಯನ್ನು ಆಗಮದ ಪುಟಗಳಿಂದಲೇ ತೀರ್ಮಾನಿಸಲು ಹೊರಡುವುದು ಅವಸರದ ಕೆಲಸ.

ಎರಡನೆಯದು ಮಟ್ಟ. ಗುಡಿಯ ನೆಲ ಇಂದಿನ ಊರಿನ ನೆಲಕ್ಕಿಂತ ಕೆಲವು ಅಡಿ ತಗ್ಗಿನಲ್ಲಿದೆ. ಒಳಗೆ ಹೋಗುವವರು ಇಳಿದು ಹೋಗಬೇಕು. ಇದನ್ನು ಎಲ್ಲರೂ ಒಂದು ವಾಕ್ಯದಲ್ಲಿ ಹೇಳಿ ಮುಂದೆ ಸಾಗುತ್ತಾರೆ. ಗುಡಿ ಕುಸಿದಿಲ್ಲ, ಊರು ಏರಿದೆ. ಮಣ್ಣಿನ ಗೋಡೆಯ ಮನೆ ಬಿದ್ದಾಗ ಅದರ ಮಣ್ಣನ್ನು ಅಲ್ಲಿಯೇ ಹರವಿ ಅದರ ಮೇಲೆ ಹೊಸ ಮನೆ ಕಟ್ಟುತ್ತಾರೆ. ಮಾಳಿಗೆಯ ಸವಳು ಮಣ್ಣು ಮಳೆಗೆ ಕರಗಿ ಓಣಿಗೆ ಇಳಿಯುತ್ತದೆ. ಒಲೆಯ ಬೂದಿ, ಕೊಟ್ಟಿಗೆಯ ಕಸ ಸೇರುತ್ತದೆ. ಎಂಟು ಒಂಬತ್ತು ನೂರು ವರ್ಷಗಳಲ್ಲಿ ಹೀಗೆ ಊರು ತನ್ನ ಮೇಲೆ ತಾನೇ ನಿಲ್ಲುತ್ತ ಬಂದಿದೆ. ಕಲ್ಲಿನ ಗುಡಿ ಮಾತ್ರ ತನ್ನ ಮೊದಲ ನೆಲವನ್ನು ಬಿಟ್ಟುಕೊಟ್ಟಿಲ್ಲ. ಆದುದರಿಂದ ಸಿದ್ಧೇಶ್ವರನ ಅಧಿಷ್ಠಾನವೆಂಬುದು ಹಾವೇರಿ ಪಟ್ಟಣದ ಮಟ್ಟಗಲ್ಲು. ಊರಿನ ವಯಸ್ಸನ್ನು ಅಡಿ ಅಂಗುಲಗಳಲ್ಲಿ ಅಳೆಯಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲ.

ಈ ಸಂಗತಿಗೆ ಇಂದಿನ ಉಪಯೋಗವೂ ಉಂಟು. ಹಳೆಯ ಡಾಂಬರನ್ನು ಕೀಳದೆ ಅದರ ಮೇಲೆ ಹೊಸದನ್ನು ಹಾಕುವ ಪದ್ಧತಿಯಿಂದ ನಮ್ಮ ಪಟ್ಟಣಗಳ ರಸ್ತೆಗಳು ಏರುತ್ತಲೇ ಇವೆ. ಹಿಂದೆ ಮೆಟ್ಟಿಲೇರಿ ಹೋಗುತ್ತಿದ್ದ ಮನೆಗೆ ಈಗ ಮೆಟ್ಟಿಲಿಳಿದು ಹೋಗಬೇಕಾಗುತ್ತದೆ. ಮೊದಲ ಮಳೆಗೇ ಓಣಿಯ ನೀರು ಪಡಸಾಲೆಗೆ ಬರುತ್ತದೆ. ಹಿಂದೆ ಶತಮಾನಗಳಲ್ಲಿ ಆಗುತ್ತಿದ್ದ ಏರಿಕೆ ಈಗ ಕೆಲವೇ ದಶಕಗಳಲ್ಲಿ ಆಗುತ್ತಿದೆ. ಗುಡಿಗೆ ಒದಗಿದ ಗತಿ ಮನೆಗೂ ಒದಗುತ್ತಿದೆ ಎಂಬುದನ್ನು ವಾಸ್ತುವಿಮರ್ಶಕನಲ್ಲದೆ ಇನ್ನಾರು ಹೇಳಬೇಕು?

ಮೂರನೆಯದು ಕಲ್ಲು. ಬಾದಾಮಿ ಪಟ್ಟದಕಲ್ಲುಗಳ ಮರಳುಗಲ್ಲನ್ನು ಬಿಟ್ಟು ಬಳಪದ ಕಲ್ಲಿಗೆ ಕೈಹಾಕಿದ ಮೊದಲ ದೊಡ್ಡ ಗುಡಿ ಸುಮಾರು ೧೦೫೦ರ ಅಣ್ಣಿಗೇರಿಯ ಅಮೃತೇಶ್ವರ ಎಂದು ಕಸಿನ್ಸನು ಗುರುತಿಸಿದ್ದಾನೆ. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುವ ಈ ಕಲ್ಲು ತಿರುಗಣೆಯ ಕಂಬಗಳಿಗೂ ನವುರಾದ ಕೆತ್ತನೆಗೂ ಅವಕಾಶ ಕೊಟ್ಟಿತು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ೧೮೮೦ರ ದಶಕದಲ್ಲಿ ಧಾರವಾಡದ ಹೆಸರಿನಿಂದಲೇ ಕರೆದ ಪದರಗಲ್ಲಿನ ಪಟ್ಟೆ ಈ ಸೀಮೆಯ ನೆಲದಲ್ಲಿಯೂ ಹಾದುಹೋಗುತ್ತದೆ. ಎಂದರೆ ಚಾಲುಕ್ಯ ಶಿಲ್ಪದ ಸೂಕ್ಷ್ಮತೆ ಅರಸನ ರಸಿಕತೆಯೊಂದರಿಂದಲೇ ಹುಟ್ಟಿದ್ದಲ್ಲ. ನೆಲ ಕೊಟ್ಟ ಕಲ್ಲಿನ ಗುಣವನ್ನು ಕೈ ಅರಿತುಕೊಂಡದ್ದರಿಂದ ಹುಟ್ಟಿತು. ದೂರದಿಂದ ತಂದ ಸಾಮಗ್ರಿಯಿಂದ ಎಲ್ಲೆಲ್ಲಿಯೂ ಒಂದೇ ಬಗೆಯ ಕಟ್ಟಡವನ್ನು ಎಬ್ಬಿಸುವ ಇಂದಿನ ಕಾಲಕ್ಕೆ ಇದು ನೆನಪಿನಲ್ಲಿಡತಕ್ಕ ಮಾತು.

೩

ಗಳಗನಾಥದ ಗುಡಿ ಇನ್ನೊಂದು ಪಾಠವನ್ನು ಹೇಳುತ್ತದೆ. ಗಳಗೇಶ್ವರನ ವಿಮಾನದ ಬುಡ ಬೇರೆ ಗುಡಿಗಳಂತೆ ನೇರವಾಗಿ ನಿಂತಿಲ್ಲ. ಹೊರಕ್ಕೆ ಇಳಿಜಾರಾಗಿ ಹಬ್ಬಿದ, ಪಿರಮಿಡ್ಡಿನ ಕೆಳಭಾಗವನ್ನು ಹೋಲುವ ದಪ್ಪನಾದ ಕಲ್ಲಿನ ಕಟ್ಟು ಅದನ್ನು ಬಳಸಿದೆ. ಅಲಂಕಾರದ ದೃಷ್ಟಿಯಿಂದ ನೋಡುವವರಿಗೆ ಅದು ಒರಟಾಗಿ ಕಾಣುವುದು ಸಹಜ. ಆದರೆ ಗುಡಿಯ ಬಳಿಯಲ್ಲಿಯೇ ತುಂಗಭದ್ರೆಯಿದೆ, ವರದೆ ಬಂದು ಕೂಡುವ ಎಡೆಯಿದೆ. ಹೊಳೆಯ ದಂಡೆಯಲ್ಲಿ ತಳಹದಿ ಸಡಿಲಾಗದಂತೆ ಹಿಡಿದಿಡುವುದೇ ಈ ಕಟ್ಟಿನ ಉದ್ದೇಶವಾಗಿರಬೇಕೆಂದು ಊಹಿಸಲಾಗಿದೆ. ಸ್ಥಳವನ್ನು ನೋಡಿದರೆ ಈ ಊಹೆ ಯುಕ್ತವಾಗಿಯೇ ತೋರುತ್ತದೆ.

ಇದು ನಿಜವಾದರೆ, ಗಳಗೇಶ್ವರನ ಸೌಂದರ್ಯ ಬುಡದಲ್ಲಿಯೇ ಆರಂಭವಾಗುತ್ತದೆ, ಶಿಖರದಲ್ಲಲ್ಲ. ಹೊಳೆಗೆ ಎಷ್ಟು ಜಾಗ ಬೇಕು, ತಾನು ಎಲ್ಲಿ ನಿಲ್ಲಬೇಕು, ನಿಂತರೆ ಹೇಗೆ ನಿಲ್ಲಬೇಕು ಎಂಬ ಲೆಕ್ಕಾಚಾರ ಅಲ್ಲಿ ರೂಪವಾಗಿದೆ. ೨೦೧೯ರ ಆಗಸ್ಟಿನಲ್ಲಿ ವರದೆ ಉಕ್ಕಿ ಹಾವೇರಿ ಜಿಲ್ಲೆಯ ಅನೇಕ ಹಳ್ಳಿಗಳು ನೀರಿನಲ್ಲಿ ನಿಂತದ್ದು ವಾಚಕರ ನೆನಪಿನಲ್ಲಿದೆ. ಮಣ್ಣಿನ ಗೋಡೆಯ ಮನೆಗಳು ನೀರು ನಿಂತ ಕೆಲವು ದಿನಗಳಲ್ಲಿ ಬುಡದಿಂದಲೇ ಕುಸಿಯುತ್ತವೆ. ಮನೆ ಕಟ್ಟಲು ಹಣವನ್ನು ಹಂಚುವುದರ ಜೊತೆಗೆ, ಬುಡವನ್ನು ಎಲ್ಲಿಯವರೆಗೆ ಕಲ್ಲಿನಿಂದ ಎತ್ತಬೇಕು, ನೆರೆಯ ಗೆರೆ ಎಲ್ಲಿದೆ ಎಂಬುದನ್ನು ಊರೂರಿಗೆ ಗುರುತಿಸಿಕೊಡುವ ವಿದ್ಯೆಯೂ ಬೇಕು. ಆ ವಿದ್ಯೆಯ ಮೊದಲ ಪುಟ ಗಳಗನಾಥದಲ್ಲಿ ತೆರೆದೇ ಇದೆ.

೪

ಈಗ ನೀರು ಮತ್ತು ಪೇಟೆಗಳ ವಿಷಯ. ಹಾವೇರಿಯ ಹೆಸರನ್ನು ಹಾವು ಮತ್ತು ಕೆರೆ ಎಂಬ ಶಬ್ದಗಳಿಂದ ಬಿಡಿಸುವುದು ವಾಡಿಕೆ. ಊರ ಹೊರಗಿನ ದೊಡ್ಡ ಕೆರೆಗೆ ಹೆಗ್ಗೇರಿ ಎಂದು ಹೆಸರು. ಹಿರಿದಾದ ಕೆರೆಯೇ ಹೆಗ್ಗೆರೆ. ಊರೂ ಅದರ ಕೆರೆಯೂ ನೀರಿನಿಂದಲೇ ಹೆಸರು ಪಡೆದಂತಾಯಿತು. ಪಡುವಲಲ್ಲಿ ಹಾನಗಲ್ಲಿನ ಕಡೆ ಮಳೆ ಹೆಚ್ಚು, ಮೂಡಲಲ್ಲಿ ರಾಣೆಬೆನ್ನೂರಿನ ಕಡೆ ಕಡಿಮೆ. ನಡುವಿನ ಈ ಸೀಮೆ ಕೆರೆಯಿಲ್ಲದೆ ಬದುಕುವಂತಿರಲಿಲ್ಲ. ಕನ್ನಡ ಶಾಸನಗಳಲ್ಲಿ ಬರುವ ಬಿತ್ತುವಟ್ಟ, ದಶವಂದ, ಕಟ್ಟುಗೊಡಗೆ ಎಂಬ ಶಬ್ದಗಳು ಕೆರೆಯನ್ನು ಕಟ್ಟುವುದಕ್ಕೂ ಕಾಪಾಡುವುದಕ್ಕೂ ಬಿಟ್ಟ ಭೂಮಿ ಮತ್ತು ಆದಾಯಗಳಿಗೆ ಸಂಬಂಧಿಸಿದವು. ಕೆರೆಯನ್ನು ಕಟ್ಟಿದ ಪುಣ್ಯದ ಜೊತೆಗೆ ಅದರ ಹೂಳೆತ್ತುವ ಖರ್ಚನ್ನೂ ಆ ಕಾಲದವರು ಬರೆದಿಟ್ಟರು. ನಮ್ಮ ಯೋಜನೆಗಳಲ್ಲಿ ಕಟ್ಟುವ ಹಣಕ್ಕೆ ಪುಟವಿರುತ್ತದೆ, ಕಾಪಾಡುವ ಹಣಕ್ಕೆ ಸಾಲೂ ಇರುವುದಿಲ್ಲ.

ನೀರು ಬೇಸಾಯಕ್ಕೆ ಮಾತ್ರವಲ್ಲ, ವ್ಯಾಪಾರಕ್ಕೂ ಆಧಾರವಾಗಿತ್ತು. ಮಲೆನಾಡಿನ ಏಲಕ್ಕಿ ಹಾವೇರಿಗೆ ಬರುತ್ತಿತ್ತು. ಇಲ್ಲಿಯ ಬಾವಿಯ ನೀರಿನಲ್ಲಿ ಅಂಟುವಾಳ ಸೇರಿಸಿ ಅದನ್ನು ತೊಳೆದು ಬಿಳುಪಾಗಿಸಿ ಮುಂದಿನ ಪೇಟೆಗಳಿಗೆ ಕಳಿಸುತ್ತಿದ್ದರು. ಏಲಕ್ಕಿ ಬೆಳೆಯದ ಊರು ಏಲಕ್ಕಿ ಹಾರಕ್ಕೆ ಹೆಸರಾದ ಗುಟ್ಟು ಇದೇ. ಒಂದು ಬಾವಿ ಒಂದು ಊರಿನ ಕಸುಬನ್ನು ನಿರ್ಣಯಿಸಿದ ಇಂಥ ನಿದರ್ಶನವನ್ನು ವಾಸ್ತುವಿನ ಚರಿತ್ರೆಯಲ್ಲಿ ಸೇರಿಸದಿದ್ದರೆ ಮತ್ತೆಲ್ಲಿ ಸೇರಿಸುವುದು?

ಪೇಟೆಯ ರೂಪದಲ್ಲಿ ಮೂರು ಕಾಲದ ಮೂರು ಬಾಗಿಲುಗಳನ್ನು ಕಾಣಬಹುದು. ಮೊದಲನೆಯದು ಕೋಟೆಯ ಅಗಸೆ. ರಾಣೆಬೆನ್ನೂರಿನಲ್ಲಿ ಕೋಟೆಯಿತ್ತು, ೧೮೦೦ರಲ್ಲಿ ಧೋಂಡಿಯ ವಾಘನನ್ನು ಬೆನ್ನಟ್ಟಿ ಬಂದ ಕರ್ನಲ್ ವೆಲ್ಲೆಸ್ಲಿ ಅದನ್ನು ಹಿಡಿದನು. ಎರಡನೆಯದು ರೈಲ್ವೆ ನಿಲ್ದಾಣ. ೧೮೮೦ರ ದಶಕದಲ್ಲಿ ಹುಬ್ಬಳ್ಳಿಯಿಂದ ಹರಿಹರಕ್ಕೆ ಹಾದುಹೋದ ಹಳಿ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳನ್ನು ಒಂದೇ ದಾರದಲ್ಲಿ ಪೋಣಿಸಿತು. ಅಗಸೆಯತ್ತ ಮುಖಮಾಡಿದ ಅಂಗಡಿಗಳು ಕ್ರಮೇಣ ನಿಲ್ದಾಣದ ದಾರಿಯತ್ತ ತಿರುಗಿದವು. ಮೂರನೆಯದು ಪುಣೆ ಬೆಂಗಳೂರು ಹೆದ್ದಾರಿ. ಅದು ಬ್ಯಾಡಗಿ ಪಟ್ಟಣವನ್ನು ತುಸು ದೂರದಲ್ಲಿ ಬಿಟ್ಟು ಮೋಟೆಬೆನ್ನೂರಿನ ಮೇಲೆ ಹೋಗುತ್ತದೆ. ಹಾವೇರಿ, ರಾಣೆಬೆನ್ನೂರುಗಳನ್ನು ಮಗ್ಗುಲಿಗೆ ಎಳೆದುಕೊಳ್ಳುತ್ತದೆ. ಕೋಟೆಯ ಪೇಟೆ ನಡೆಯುವವನ ಪೇಟೆ. ನಿಲ್ದಾಣದ ಪೇಟೆ ಚಕ್ಕಡಿಯ ಪೇಟೆ. ಹೆದ್ದಾರಿಯ ಪೇಟೆ ಲಾರಿಯ ಪೇಟೆ. ಒಂದರ ಅಳತೆಯನ್ನು ಇನ್ನೊಂದರ ಮೇಲೆ ಹೇರಿದಲ್ಲಿ ತೊಡಕು ಹುಟ್ಟುತ್ತದೆ.

ಬ್ಯಾಡಗಿಯನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಕಡುಗೆಂಪು ಬಣ್ಣಕ್ಕೂ ಕಡಿಮೆ ಖಾರಕ್ಕೂ ಹೆಸರಾದ ಬ್ಯಾಡಗಿ ಮೆಣಸಿನಕಾಯಿಗೆ ೨೦೧೧ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಸುಗ್ಗಿಯಲ್ಲಿ ಬಳ್ಳಾರಿ ರಾಯಚೂರುಗಳಿಂದಲೂ ಆಂಧ್ರದಿಂದಲೂ ಚೀಲಗಳು ಇಲ್ಲಿಗೆ ಬರುತ್ತವೆ. ಮೂವತ್ತು ಸಾವಿರ ಜನರ ಊರು ಕೆಲವು ತಿಂಗಳು ಬಹುದೊಡ್ಡ ನಗರದ ಭಾರವನ್ನು ಹೊರುತ್ತದೆ. ಈ ವ್ಯಾಪಾರ ಹುಟ್ಟಿಸಿದ ಹೊಸ ಕಟ್ಟಡವೆಂದರೆ ಶೀತಗೃಹ. ಬಿಸಿಲಿಗೂ ಶಾಖಕ್ಕೂ ಮೆಣಸಿನಕಾಯಿಯ ಬಣ್ಣ ಮಾಸುತ್ತದೆ, ಬಣ್ಣವೇ ಅದರ ಬೆಲೆ. ಆದುದರಿಂದ ಕಿಟಕಿಯಿಲ್ಲದ ಈ ಎತ್ತರದ ಪೆಟ್ಟಿಗೆಗಳು ಏಳಲೇಬೇಕಾಯಿತು. ಬೆಲೆ ಬಿದ್ದ ದಿನವೇ ಮಾರಿ ಹೋಗಬೇಕೆಂಬ ನಿರ್ಬಂಧದಿಂದ ಬೆಳೆದವನನ್ನು ಸ್ವಲ್ಪಮಟ್ಟಿಗೆ ಬಿಡಿಸಿದ್ದು ಇವುಗಳ ಗುಣ. ಹೊರಗೋಡೆಗೆ ನೆರಳಿಲ್ಲದಂತೆ ಕಟ್ಟಿ, ಬಿಸಿಲನ್ನು ಒಳಗೆ ಬಿಟ್ಟುಕೊಂಡು, ಬಳಿಕ ಅದನ್ನು ವಿದ್ಯುತ್ತಿನಿಂದ ಹೊರದೂಡುವುದು ಇಂಥ ಕಟ್ಟಡಗಳಲ್ಲಿ ಸಾಮಾನ್ಯವಾದ ದೋಷ. ದಪ್ಪ ಮಣ್ಣಿನ ಗೋಡೆಯಿಂದಲೂ ಮಾಳಿಗೆಯಿಂದಲೂ ಮನೆಯನ್ನು ತಂಪಾಗಿಟ್ಟುಕೊಂಡ ನಾಡಿನಲ್ಲಿ ಈ ದೋಷಕ್ಕೆ ಕ್ಷಮೆಯಿಲ್ಲ. ಚಾಲುಕ್ಯ ಗುಡಿಯ ಕಂಬವನ್ನು ವರ್ಣಿಸುವ ನಾವು ಶೀತಗೃಹದ ಗೋಡೆಯನ್ನು ವಿಮರ್ಶಿಸಲು ಹಿಂಜರಿಯಬಾರದು. ಎರಡೂ ತಮ್ಮ ತಮ್ಮ ಕಾಲದ ಸಂಪತ್ತು ಕಟ್ಟಿಸಿದ ಕಟ್ಟಡಗಳೇ.

ಊರಿನ ಎಲ್ಲೆಯಾಚೆಯ ನೆಲವೂ ಊರಿನ ವಾಸ್ತುವಿಗೆ ಸೇರಿದ್ದು. ರಾಣೆಬೆನ್ನೂರಿನ ಬಳಿ ೧೯೭೪ರಲ್ಲಿ ೧೧೯ ಚದರ ಕಿಲೋಮೀಟರು ವಿಸ್ತಾರದ ಕೃಷ್ಣಮೃಗ ಅಭಯಾರಣ್ಯ ಸ್ಥಾಪಿತವಾಯಿತು. ಬಯಲನ್ನೂ ಕುರು�ುಚಲನ್ನೂ ನಂಬಿ ಬಾಳುವ ಆ ಜೀವಿಗಳ ನೆಲದಲ್ಲಿ ನೀಲಗಿರಿ ಮರಗಳ ತೋಪು ಎದ್ದುನಿಂತಿತ್ತು. ಅತ್ತ ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ೧೯೮೭ರಲ್ಲಿ ಹಳ್ಳಿಗರು ಸಾಮೂಹಿಕ ಭೂಮಿಯಲ್ಲಿ ಬೆಳೆಸಿದ್ದ ನೀಲಗಿರಿಯನ್ನು ಕಿತ್ತು, ತಮಗೆ ಬೇಕಾದ ಸಸಿಗಳನ್ನು ಹಚ್ಚಿ ಸತ್ಯಾಗ್ರಹ ಮಾಡಿದರು. ಕಾಗದದ ಮೇಲೆ ಪಾಳು ಎಂದು ಬರೆದ ಭೂಮಿ ದನಕ್ಕೆ ಮೇವು, ಒಲೆಗೆ ಕಟ್ಟಿಗೆ, ಕೆರೆಗೆ ನೀರು ಕೊಡುವ ಭೂಮಿಯಾಗಿತ್ತೆಂಬುದೇ ಆ ವಾದದ ತಿರುಳು. ನಗರದ ನಕ್ಷೆಯಲ್ಲಿ ಖಾಲಿ ಎಂದು ಬಿಳಿಯಾಗಿ ಬಿಟ್ಟ ಜಾಗಗಳನ್ನು ನೋಡುವಾಗಲೂ ಈ ಪಾಠವನ್ನು ಮರೆಯತಕ್ಕದ್ದಲ್ಲ.

೫

ಗುಡಿಯನ್ನು ಊರಿನಿಂದ ಬಿಡಿಸಿದ ವಿಮರ್ಶೆ ಕಾನೂನಿನಲ್ಲಿ ಹೇಗೆ ನೆಲೆಗೊಂಡಿದೆ ಎಂಬುದನ್ನು ಈಗ ನೋಡಬಹುದು. ಪ್ರಾಚೀನ ಸ್ಮಾರಕಗಳನ್ನು ಕುರಿತ ೧೯೫೮ರ ಕಾಯಿದೆ ೨೦೧೦ರಲ್ಲಿ ತಿದ್ದುಪಡಿಯಾಯಿತು. ಅದರಂತೆ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ ೧೦೦ ಮೀಟರು ನಿಷೇಧಿತ ಪ್ರದೇಶ. ಅದರಾಚೆಯ ೨೦೦ ಮೀಟರು ನಿಯಂತ್ರಿತ ಪ್ರದೇಶ. ಈ ಕಟ್ಟುಪಾಡು ಇಲ್ಲದಿದ್ದರೆ ಎಷ್ಟೋ ಗುಡಿಗಳ ಗೋಡೆಗೆ ಒರಗಿಕೊಂಡು ಅಂತಸ್ತುಗಳು ಏಳುತ್ತಿದ್ದವೆಂಬುದು ನಿಜ. ಆದರೆ ಅಳತೆಯ ಟೇಪಿನಿಂದ ಎಳೆದ ವರ್ತುಲಕ್ಕೆ ಕೆರೆಯೂ ಗೊತ್ತಿಲ್ಲ, ಹಳ್ಳವೂ ಗೊತ್ತಿಲ್ಲ. ವರ್ತುಲದೊಳಗೆ ತಲೆಮಾರುಗಳಿಂದ ಬಾಳಿದವನು ಸೋರುವ ಮನೆಯನ್ನು ರಿಪೇರಿ ಮಾಡಿಕೊಳ್ಳಲು ಪರವಾನಗಿಗಾಗಿ ಅಲೆಯಬೇಕು. ವರ್ತುಲದ ಹೊರಗೆ ಗುಡಿಯ ಮಳೆನೀರು ಹರಿದುಹೋಗುವ ದಾರಿಯನ್ನು ಮುಚ್ಚಿದರೂ ಸ್ಮಾರಕದ ಕಾನೂನಿಗೆ ಅದು ಕಾಣಿಸುವುದಿಲ್ಲ. ತಗ್ಗಿನಲ್ಲಿರುವ ಸಿದ್ಧೇಶ್ವರನಂಥ ಗುಡಿಗೆ ಎತ್ತರದ ಮನೆಗಿಂತ ಮುಚ್ಚಿದ ಕಾಲುವೆಯೇ ಹೆಚ್ಚಿನ ಅಪಾಯ.

ನಗರಯೋಜನೆಯ ಕಡೆಯಿಂದ ನೋಡಿದರೂ ಇದೇ ಒಡಕು. ಕರ್ನಾಟಕದ ೧೯೬೧ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಂತೆ ಸಿದ್ಧವಾಗುವ ಮಹಾಯೋಜನೆಗಳು ಭೂಮಿಯನ್ನು ವಸತಿ, ವಾಣಿಜ್ಯ, ಕೈಗಾರಿಕೆ ಎಂದು ಬಣ್ಣಗಳಲ್ಲಿ ವಿಂಗಡಿಸುತ್ತವೆ. ಆದರೆ ಈ ಊರುಗಳ ಪೇಟೆಮನೆಯಲ್ಲಿ ಮುಂದೆ ಅಂಗಡಿ, ಪಡಸಾಲೆಯಲ್ಲಿ ಅಡತಿಯ ಗಾದಿ, ಒಳಗೆ ಸರಕು, ಹಿಂದೆ ಅಡುಗೆಮನೆ ಹಿತ್ತಲು. ಈ ಮನೆಗೆ ಯಾವ ಬಣ್ಣ ಬಳಿಯುವುದು? ಬ್ಯಾಡಗಿಯ ಮುಖ್ಯರಸ್ತೆಯನ್ನು ಅಗಲಿಸುವ ವಿಷಯ ಅನೇಕ ವರ್ಷ ವಾದಕ್ಕೂ ಹೋರಾಟಕ್ಕೂ ಗುರಿಯಾದದ್ದು ಇಂಥ ಪ್ರಶ್ನೆಯಿಂದಲೇ. ಸಾಗಾಟಕ್ಕೆ ಜಾಗ ಬೇಕೆಂಬವರ ಮಾತು ಸುಳ್ಳಲ್ಲ; ಅಂಗಡಿಯ ಮುಂಭಾಗ ಕಡಿದರೆ ಜೀವನವೇ ಕಡಿಯಿತೆಂಬವರ ಮಾತೂ ಸುಳ್ಳಲ್ಲ.

ಪ್ಯಾಟ್ರಿಕ್ ಗೆಡ್ಡೆಸ್ ಎಂಬ ಸ್ಕಾಟ್ಲಂಡಿನ ವಿದ್ವಾಂಸನು ೧೯೧೪ರಲ್ಲಿ ಭಾರತಕ್ಕೆ ಬಂದು ಅನೇಕ ಪಟ್ಟಣಗಳನ್ನು ಕಾಲ್ನಡಿಗೆಯಿಂದ ನೋಡಿ ವರದಿಗಳನ್ನು ಬರೆದನು. ಮುಂದೆ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕನೂ ಆದನು. ಹಳೆಯ ಪೇಟೆಯನ್ನು ಸೀಳಿ ನೇರವಾದ ರಸ್ತೆ ಹಾಯಿಸುವ ಅಂದಿನ ಪದ್ಧತಿಯನ್ನು ಅವನು ವಿರೋಧಿಸಿದನು. ರೋಗಪರೀಕ್ಷೆ ಮೊದಲು, ಔಷಧ ಆಮೇಲೆ. ಕೊಯ್ಯಲೇಬೇಕಾದರೆ ಉಳಿದ ದೇಹ ಬದುಕುವಷ್ಟೇ ಕೊಯ್ಯಬೇಕು ಎಂಬುದು ಅವನ ಮತದ ಸಾರ. ಒಂದು ಬಿದ್ದ ಮನೆಯ ಜಾಗವನ್ನು ಚೌಕವಾಗಿಸಿ, ಒಂದು ಓಣಿಯ ಬಾಯಿಯನ್ನು ಬಿಡಿಸಿ, ಕೆರೆಯನ್ನು ಮುಚ್ಚದೆ ಶುದ್ಧಮಾಡಿ ಅತಿ ಕಡಿಮೆ ಖರ್ಚಿನಲ್ಲಿ ಪೇಟೆಯನ್ನು ಉಸಿರಾಡಿಸಬಹುದೆಂದು ಅವನು ತೋರಿಸಿದನು. ನೂರು ವರ್ಷಗಳ ಬಳಿಕವೂ ನಮ್ಮ ಸಣ್ಣ ಪಟ್ಟಣಗಳಿಗೆ ಇದಕ್ಕಿಂತ ಹಿತವಾದ ಉಪದೇಶ ದೊರೆತಿಲ್ಲ.

೬

ಈ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ಇದು ಕಲಾವಿಮರ್ಶೆಯಲ್ಲ, ಸಮಾಜಶಾಸ್ತ್ರವೆಂಬುದು ಒಂದು. ಕಾವ್ಯವನ್ನು ಬಿಡಿಯಾಗಿ ಓದಿ ಸವಿಯಬಹುದೇನೋ. ಕಟ್ಟಡವನ್ನು ಅದರ ನೆಲದಿಂದ ಎತ್ತಿ ಓದಲು ಬರುವುದಿಲ್ಲ. ಗಳಗೇಶ್ವರನ ಬುಡ ಹೊಳೆಯಿಲ್ಲದೆ ಅರ್ಥವಾಗದು, ಸಿದ್ಧೇಶ್ವರನ ಮೆಟ್ಟಿಲು ಊರಿಲ್ಲದೆ ಅರ್ಥವಾಗದು. ಹೀಗಿರಲು ಊರನ್ನು ನೋಡುವುದು ರೂಪವನ್ನು ನೋಡುವುದರ ಒಂದು ಅಂಗವೇ ಆಗುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದುದು. ಹಳೆಯ ಊರನ್ನು ಹೊಗಳುವವರು ಅದರ ಅನ್ಯಾಯವನ್ನೂ ಹೊಗಳಿದಂತಾಗುವುದಿಲ್ಲವೇ? ನಮ್ಮ ಊರುಗಳ ಕೇರಿ ಓಣಿಗಳ ವಿನ್ಯಾಸದಲ್ಲಿ ಜಾತಿಯ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಯಾರ ಮನೆ ಕೆರೆಯ ಮೇಲ್ಗಡೆ, ಯಾರದು ಕೋಡಿಯ ಕೆಳಗೆ. ಯಾರು ಬಾವಿಯ ಕಟ್ಟೆ ಹತ್ತಬಹುದು, ಯಾರು ದೂರ ನಿಂತು ಕಾಯಬೇಕು ಎಂಬುದನ್ನು ಆ ಯೋಜನೆ ಕಲ್ಲಿನಷ್ಟೇ ಗಟ್ಟಿಯಾಗಿ ಬರೆದಿಟ್ಟಿತ್ತು. ಇದನ್ನು ಮರೆಮಾಚುವ ವಿಮರ್ಶೆ ವಿಮರ್ಶೆಯಲ್ಲ. ಆದರೆ ಗುಡಿಯನ್ನಷ್ಟೇ ನೋಡುವ ಪದ್ಧತಿಗೆ ಈ ಅನ್ಯಾಯ ಕಾಣಿಸುವುದೇ ಇಲ್ಲವೆಂಬುದನ್ನು ಗಮನಿಸಬೇಕು. ಊರನ್ನು ನೋಡಿದವನಿಗೆ ಮಾತ್ರ ಅದು ಕಾಣುತ್ತದೆ. ಇಂದಿಗೂ ರಸ್ತೆ ಏರಿದಾಗ ಮೊದಲು ನೀರು ನುಗ್ಗುವುದು ತಗ್ಗಿನ ಕೇರಿಗೆ. ಆದುದರಿಂದ ಹಳೆಯ ಊರಿನಿಂದ ಕಲಿಯತಕ್ಕದ್ದು ಅದರ ನೀರಿನ ಲೆಕ್ಕವನ್ನು, ಕಲ್ಲಿನ ಅರಿವನ್ನು, ಕಾಪಾಡುವ ಏರ್ಪಾಟನ್ನು. ಬಿಡತಕ್ಕದ್ದು ಅದರ ಪಂಕ್ತಿಭೇದವನ್ನು.

ಹಾವೇರಿ ಜಿಲ್ಲೆ ೧೯೯೭ರಲ್ಲಿ ಧಾರವಾಡದಿಂದ ಬೇರೆಯಾದ ಮೇಲೆ ಇಲ್ಲಿಯ ಕಾಲೇಜುಗಳಲ್ಲಿ ಓದುವ ವಿದ್ಯಾರ್ಥಿಗಳ ಸಂಖ್ಯೆ ಬೆಳೆದಿದೆ. ಅವರಿಗೂ ಅವರ ಅಧ್ಯಾಪಕರಿಗೂ ಕೈಗೆಟುಕುವ ಮೂರು ಕೆಲಸಗಳನ್ನು ಇಲ್ಲಿ ಸೂಚಿಸಬಹುದು. ಸಿದ್ಧೇಶ್ವರನ ಅಧಿಷ್ಠಾನವನ್ನು ಸೊನ್ನೆಯೆಂದು ಹಿಡಿದು ಹಾವೇರಿಯ ಓಣಿಗಳ ಮಟ್ಟವನ್ನು ಅಳೆದು ನಕ್ಷೆ ಬರೆಯುವುದು ಮೊದಲನೆಯದು. ಪ್ರತಿ ಕೆರೆಯ ತೂಬು, ಕೋಡಿ, ಅಲ್ಲಿಂದ ನೀರು ಹರಿಯುವ ದಾರಿಗಳನ್ನು ಮಳೆಗಾಲದಲ್ಲಿ ನಡೆದು ನೋಡಿ, ಇಂದಿನ ಮಹಾಯೋಜನೆಯ ನಕ್ಷೆಯೊಡನೆ ಹೋಲಿಸುವುದು ಎರಡನೆಯದು. ರಾಣೆಬೆನ್ನೂರು ಬ್ಯಾಡಗಿಗಳ ಪೇಟೆಮನೆಗಳು ಬೀಳುವ ಮೊದಲು ಅವುಗಳ ಅಳತೆ, ಸಾಮಗ್ರಿ, ಬಳಕೆಗಳನ್ನು ದಾಖಲಿಸುವುದು ಮೂರನೆಯದು. ಇದಕ್ಕೆ ದೊಡ್ಡ ಅನುದಾನ ಬೇಡ. ಒಂದು ಮಟ್ಟನಳಿಗೆ, ಅಳತೆಯ ಪಟ್ಟಿ, ಎರಡು ಮಳೆಗಾಲದ ತಾಳ್ಮೆ ಸಾಕು. ಕಸಿನ್ಸನು ಗುಡಿಗಳಿಗಾಗಿ ಮಾಡಿದ ಪರಿಶ್ರಮವನ್ನು ಯಾರಾದರೂ ಓಣಿಗಳಿಗಾಗಿ ಮಾಡಿದರೆ, ಮುಂದಿನ ರಸ್ತೆಯನ್ನು ಏರಿಸುವ ಮೊದಲು ಎಷ್ಟು ಅಗೆಯಬೇಕೆಂದು ನಗರಸಭೆಗೆ ಹೇಳುವ ಅಂಕಿಗಳು ಊರಿನವರ ಕೈಯಲ್ಲಿಯೇ ಇರುತ್ತವೆ.